ತೋಟದ ಪುಟ್ಟ ರೈಲು: ಹಳಿಯನ್ನು ಚೊಕ್ಕಟವಾಗಿಡುವ ಕ್ರಮ

ಕಾಫಿಯ ಚಿಗುರು ತೆಗೆಯುವುದು, ಅಡಿಕೆಯ ಕೊಳೆರೋಗ ಇವುಗಳ ನಡುವೆ ಆಟಿಕೆ ರೈಲಿನ ಮಾತೇಕೆ ಎಂದು ಸದಸ್ಯ ಬಾಂಧವರು ಕೇಳಬಹುದು. ರಜೆಗೆ ಬರುವ ಮೊಮ್ಮಕ್ಕಳಿಗಾಗಿ ಅಂಗಳದಲ್ಲಿ ವಿದ್ಯುತ್ ರೈಲು ಹಾಸಬೇಕೆಂಬ ಆಸೆ ಇಂದು ಕೆಲವರಲ್ಲಿ ಹುಟ್ಟಿದೆ. ಮನೆಗೆ ಅತಿಥಿಗಳನ್ನು ಇಳಿಸಿಕೊಳ್ಳುವ ಬೆಳೆಗಾರರೂ ಇದನ್ನು ವಿಚಾರಿಸುವುದುಂಟು. ಆದರೆ ಹಾಸಿದ ಮೊದಲ ವಾರ ಸೊಗಸಾಗಿ ಓಡಿದ ರೈಲು ಮೊದಲ ಮಳೆಗೇ ನಿಂತುಬಿಡುತ್ತದೆ. ಹಣ ಹೋಯಿತು, ಮಕ್ಕಳ ಮುಖ ಬಾಡಿತು ಎಂದು ಪೆಟ್ಟಿಗೆ ಕಟ್ಟಿ ಅಟ್ಟಕ್ಕೆ ಏರಿಸುತ್ತಾರೆ. ನಾನೂ ಹಾಗೆ ಏರಿಸಿದವನೇ. ಮತ್ತೆ ಕೆಳಗಿಳಿಸಿದ್ದು ಹೇಗೆಂಬುದನ್ನು ಇಲ್ಲಿ ವಿವರಿಸುತ್ತೇನೆ.

ಬೀಗರ ರೈಲು

ನಮ್ಮ ಮಗಳನ್ನು ಕಲಬುರಗಿಗೆ ಕೊಟ್ಟಿದ್ದೇವೆ. ಬೀಗರು ರೈಲ್ವೆಯ ಹಳಿ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಕಲಬುರಗಿ ಹಳೆಯ ರೈಲು ಊರು. ಮುಂಬಯಿಯಿಂದ ಸೊಲ್ಲಾಪುರದ ಮೇಲೆ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ದಾರಿ ಈ ಊರನ್ನು ಹಾದು, 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ಕಡೆಯ ದಾರಿಯನ್ನು ಕೂಡಿತು. ಬೀಗರ ಹಿರಿಯ ಮಗ ಜರ್ಮನಿಯಿಂದ ಬರುವಾಗ ಒಂದು ಎಂಜಿನ್, ಮೂರು ಡಬ್ಬಿ, ಒಂದಷ್ಟು ಹಿತ್ತಾಳೆಯ ಹಳಿ ತಂದುಕೊಟ್ಟನು. ನ್ಯೂರೆಂಬರ್ಗಿನ ಲೇಮನ್ ಸಂಸ್ಥೆ 1968ರಲ್ಲಿ ಮಾರುಕಟ್ಟೆಗೆ ತಂದ ಎಲ್.ಜಿ.ಬಿ. ಎಂಬ ಬಗೆಯದು ಇದು. ಎರಡು ಹಳಿಗಳ ನಡುವಿನ ಅಂತರ 45 ಮಿಲಿಮೀಟರು. ಡಬ್ಬಿಗಳು ನಿಜವಾದವುಗಳ 22.5ರಲ್ಲಿ ಒಂದು ಪಾಲು. ಗುಣಿಸಿ ನೋಡಿದರೆ ಸರಿಸುಮಾರು ಒಂದು ಮೀಟರು ಬರುತ್ತದೆ. ಅಂದರೆ ಇದು ನಮ್ಮ ಮಲೆನಾಡಿನವರು ಹಿಂದೆ ಕಂಡಿದ್ದ ಮೀಟರ್ ಗೇಜ್ ದಾರಿಯ ಮರಿ.

ಬೀಗರು ಮೊದಲು ಇದನ್ನು ಕಲಬುರಗಿ ನಗರದ ಮನೆಯ ಹಿತ್ತಲಲ್ಲಿ ಹಾಸಿದರು. ಅಲ್ಲಿಯದು ಕಪ್ಪು ಎರೆಮಣ್ಣು. ಬೇಸಿಗೆಯಲ್ಲಿ ಬೆರಳು ತೂರುವಷ್ಟು ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಹಳಿ ಅಲೆಯಂತೆ ಏರಿಳಿಯಿತು. ತಗ್ಗಿನಲ್ಲಿ ರಾಡಿ ನಿಂತಿತು. ಒಣಗಿದ ರಾಡಿ ಧೂಳಾಗಿ ಹಳಿಯ ತಲೆಯ ಮೇಲೆ ಕೂತಿತು. ಎರಡನೆಯ ವರ್ಷ ಅವರು ಅದನ್ನು ಕಿತ್ತು, ಸುಮಾರು 35 ಕಿಲೋಮೀಟರು ದೂರದ ಕಮಲಾಪುರದ ಹೊಲದ ಮನೆಗೆ ಒಯ್ದರು. ಕಮಲಾಪುರದ್ದು ಕೆಂಪು ಮಣ್ಣು, ನೀರು ಬಸಿಯುತ್ತದೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕೆಂಪು ಬಾಳೆ ಬೆಳೆಯುವ ಊರು ಅದೇ. 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾದ ಬೀದರ–ಕಲಬುರಗಿ ರೈಲುದಾರಿಯೂ ಆ ಕಡೆಯಿಂದಲೇ ಹೋಗುತ್ತದೆ. ಬಾಳೆಯ ಸಾಲುಗಳ ಪಕ್ಕದಲ್ಲಿ ಬೀಗರ ಪುಟ್ಟ ರೈಲು ನಿಲ್ಲದೆ ಸುತ್ತುವುದನ್ನು ಕಂಡು ನನಗೂ ಆಸೆಯಾಯಿತು.

ನಾನು ಕಲಿತ ಪಾಠ

ಊರಿಗೆ ಮರಳಿದ ಮೇಲೆ ನಾನೂ ಒಂದು ಜೊತೆ ತರಿಸಿ, ಅಡಿಕೆ ತೋಟದ ಮೇಲ್ಭಾಗದ ಅಂಗಳದಲ್ಲಿ ಹಾಸಿದೆ. ನೆಲವನ್ನು ಗಟ್ಟಿಸಿದ್ದು ಬಿಟ್ಟರೆ ಬೇರೆ ಏನೂ ಮಾಡಲಿಲ್ಲ. ಜೂನ್ ತಿಂಗಳ ಕೊನೆಗೆ ಎಂಜಿನ್ ಎರಡು ಅಡಿಗೊಮ್ಮೆ ನಿಂತು, ಬೆರಳಿನಿಂದ ನೂಕಿದರೆ ಮಾತ್ರ ಮುಂದೆ ಹೋಗುವಂತಾಯಿತು. ನಾನು ಒರಟು ಉಪ್ಪುಕಾಗದ ಹಿಡಿದು ತಿಕ್ಕಿದೆ. ಅದು ಸಾಲದೆಂದು ಪಾತ್ರೆ ತಿಕ್ಕುವ ಉಕ್ಕಿನ ನಾರಿನಿಂದ ಉಜ್ಜಿದೆ. ಹಳಿ ಚಿನ್ನದಂತೆ ಹೊಳೆಯಿತು. ಎರಡು ದಿನ ರೈಲು ಓಡಿತು. ಮೂರನೆಯ ದಿನ ಸುಟ್ಟ ವಾಸನೆ ಬಂದು ಎಂಜಿನ್ ನಿಂತಿತು. ಬಿಚ್ಚಿ ನೋಡಿದರೆ ಉಕ್ಕಿನ ನಾರಿನ ಕೂದಲೆಳೆಯಂಥ ಚೂರುಗಳು ಮೋಟಾರಿನ ಅಯಸ್ಕಾಂತಕ್ಕೆ ಅಂಟಿಕೊಂಡು ಸುರುಳಿಯನ್ನು ಕೆಡಿಸಿದ್ದವು. ಮೊಮ್ಮಗ "ಅಜ್ಜಾ, ನೀನು ತಿಕ್ಕಿದ್ದಕ್ಕೇ ಹಾಳಾಯಿತಾ?" ಎಂದು ಕೇಳಿದ. ಹೌದೆನ್ನದೆ ಬೇರೆ ದಾರಿ ಇರಲಿಲ್ಲ.

ದೂರವಾಣಿಯಲ್ಲಿ ಬೀಗರಿಗೆ ಹೇಳಿದಾಗ ಅವರು ನಕ್ಕು, "ತಿಕ್ಕೂದು ಆಮ್ಯಾಲಿನ ಮಾತು ಬೀಗ್ರ. ಮೊದ್ಲ ನೀರಿಗಿ ಹಾದಿ ಮಾಡಿ ಕೊಡ್ರಿ" ಎಂದರು. ಈ ಲೇಖನದ ಸಾರವೆಲ್ಲ ಆ ಮಾತಿನಲ್ಲೇ ಇದೆ.

ಕೊಳೆ ರೈಲನ್ನು ಏಕೆ ನಿಲ್ಲಿಸುತ್ತದೆ?

ಆಟಿಕೆ ಎಂಜಿನ್ನಿಗೆ ವಿದ್ಯುತ್ ಬರುವುದು ಹಳಿಯಿಂದಲೇ. ಮನೆಯ 230 ವೋಲ್ಟನ್ನು ಟ್ರಾನ್ಸ್‌ಫಾರ್ಮರ್ ಸುಮಾರು 18–20 ವೋಲ್ಟಿಗೆ ಇಳಿಸಿ ಎರಡು ಹಳಿಗಳಿಗೆ ಕೊಡುತ್ತದೆ. ಗಾಲಿ ಹಳಿಯನ್ನು ಮುಟ್ಟುವ ಜಾಗ ಸಾಸಿವೆ ಕಾಳಿಗಿಂತ ಚಿಕ್ಕದು. ಅಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಇದ್ದರೂ ಇಷ್ಟು ಕಡಿಮೆ ಒತ್ತಡದ ವಿದ್ಯುತ್ತು ದಾಟಲಾರದು. ದಾಟಲು ಯತ್ನಿಸುವಾಗ ಕಿಡಿ ಹಾರುತ್ತದೆ, ಕಿಡಿಯಿಂದ ಕಪ್ಪು ಮಸಿ ಹುಟ್ಟುತ್ತದೆ, ಮಸಿಯಿಂದ ಮತ್ತಷ್ಟು ಕಿಡಿ. ಹೀಗೆ ಕೊಳೆ ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ.

ನಿಜವಾದ ರೈಲ್ವೆಗೂ ಈ ತೊಂದರೆ ತಪ್ಪಿದ್ದಲ್ಲ. ಅನೇಕ ಕಡೆ ಹಳಿಯಲ್ಲಿ ಸಣ್ಣ ವಿದ್ಯುತ್ತನ್ನು ಹರಿಸಿ, ಗಾಡಿಯ ಗಾಲಿಗಳು ಎರಡು ಹಳಿಗಳನ್ನು ಕೂಡಿಸಿದೊಡನೆ ಸಿಗ್ನಲ್ ಕೆಂಪಾಗುವ ವ್ಯವಸ್ಥೆ ಇರುತ್ತದೆ. ಗಾಡಿ ಓಡದೆ ತುಕ್ಕು ಹಿಡಿದ ಹಳಿಯಲ್ಲಿ ಈ ಕೂಡಿಕೆ ಸರಿಯಾಗಿ ಆಗದು. ದಿನವೂ ಓಡುವ ಹಳಿಯೇ ಚೊಕ್ಕಟವಾದ ಹಳಿ ಎಂಬುದು ದೊಡ್ಡ ರೈಲಿಗೂ ಚಿಕ್ಕ ರೈಲಿಗೂ ಒಂದೇ.

ಕೊಳೆಯ ಬಗೆಗಳು

1. ಮಣ್ಣು ಮತ್ತು ಧೂಳು. ಮಳೆಹನಿ ಬರಿನೆಲಕ್ಕೆ ಬಡಿದು ಮಣ್ಣನ್ನು ಸಿಡಿಸುತ್ತದೆ. ಹಳಿಯ ಪಕ್ಕದ ನೆಲ ಬರಿದಾಗಿದ್ದರೆ ಒಂದೇ ಮಳೆಗೆ ಹಳಿಯ ತಲೆ ಕೆಂಪಾಗುತ್ತದೆ. ಬಯಲುಸೀಮೆಯಲ್ಲಿ ಈ ಕೆಲಸವನ್ನು ಗಾಳಿ ಮಾಡುತ್ತದೆ.

2. ಕಿಲುಬು. ಹಿತ್ತಾಳೆ ಪಾತ್ರೆಗೆ ಹಿಡಿಯುವ ಕಿಲುಬೇ ಹಳಿಗೂ ಹಿಡಿಯುತ್ತದೆ. ತೇವ ಹೆಚ್ಚಿದಷ್ಟೂ ಬೇಗ.

3. ಎಣ್ಣೆ ಮಸಿ. ಎಂಜಿನ್ನಿಗೆ ಬಿಟ್ಟ ಹೆಚ್ಚಿನ ಎಣ್ಣೆ ಗಾಲಿಗಿಳಿದು, ಕಿಡಿಯ ಮಸಿಯೊಡನೆ ಸೇರಿ ಕಪ್ಪು ಅಂಟಾಗುತ್ತದೆ. ಪ್ಲಾಸ್ಟಿಕ್ ಗಾಲಿಗಳು ಈ ಅಂಟನ್ನು ಹಳಿಯುದ್ದಕ್ಕೂ ಬಳಿಯುತ್ತವೆ. ಡಬ್ಬಿಗಳಿಗೆ ಲೋಹದ ಗಾಲಿ ಹಾಕಿಸುವುದು ಲೇಸು.

4. ಎಲೆ, ಸೊನೆ ಮತ್ತು ಚೊಗರು. ಕಮಲಾಪುರದಲ್ಲಿ ಬಾಳೆಯ ಸೊನೆ ಹಳಿಯ ಮೇಲೆ ತೊಟ್ಟಿಕ್ಕಿ ಅಂಟುತ್ತಿತ್ತು. ನಮ್ಮಲ್ಲಿ ಅಡಿಕೆಯ ಸೋಗೆ, ಹಾಳೆ, ನೆರಳುಮರದ ಎಲೆ. ಅಡಿಕೆ ಸುಲಿಯುವವರ ಕೈ, ಮೆಟ್ಟುಗತ್ತಿಯ ಅಲಗು ಕಪ್ಪಾಗುವುದನ್ನು ನಾವೆಲ್ಲ ಬಲ್ಲೆವು. ಚೊಗರು ಕಬ್ಬಿಣದೊಡನೆ ಸೇರಿದರೆ ಬರುವ ಕಪ್ಪು ಅದು. ಇಂಗ್ಲೆಂಡಿನಲ್ಲಿ ಪ್ರತಿವರ್ಷ ಎಲೆ ಉದುರುವ ಕಾಲಕ್ಕೆ ದೊಡ್ಡ ರೈಲುಗಳೇ ಹಳಿಯ ಮೇಲೆ ಜಾರುತ್ತವೆ. ಒದ್ದೆ ಎಲೆಯ ಚೊಗರು ಹಳಿಯ ಕಬ್ಬಿಣದೊಡನೆ ಸೇರಿ ಜಾರುವ ಕಪ್ಪು ಪದರವಾಗುತ್ತದೆಂದು ಶೆಫೀಲ್ಡ್ ವಿಶ್ವವಿದ್ಯಾಲಯದವರು 2020ರಲ್ಲಿ ವಿವರಿಸಿದರು. ಹಿತ್ತಾಳೆಯ ಹಳಿಯಲ್ಲಿ ಅಷ್ಟು ಕಪ್ಪು ಬಾರದಿದ್ದರೂ ಅಂಟು ಮಾತ್ರ ಉಳಿಯುತ್ತದೆ.

5. ಬೋರ್ಡೋ ದ್ರಾವಣ. ಇದು ನಮ್ಮ ತೋಟಗಳ ವಿಶೇಷ ತೊಂದರೆ. ಕೊಳೆರೋಗಕ್ಕೆ ಸಿಂಪಡಿಸುವಾಗ ಕೆಳಗೆ ಬಿದ್ದ ಹನಿಗಳು ಒಣಗಿ ಸುಣ್ಣದ ಬಿಳಿ ಪೊರೆಯಾಗುತ್ತವೆ. ಸುಣ್ಣದ ಪೊರೆಯಲ್ಲಿ ವಿದ್ಯುತ್ತು ಹರಿಯದು. ಸುಣ್ಣ ಕಡಿಮೆಯಾದ ದ್ರಾವಣ ಇನ್ನೂ ಕೆಡುಕು. ಚಾಕು ಅದ್ದಿದಾಗ ತಾಮ್ರದ ಕೆಂಪು ಕೂರುವ ಪರೀಕ್ಷೆ ನೆನಪಿರಲಿ. ಅಂಥ ದ್ರಾವಣ ಉಕ್ಕಿನ ತಿರುಪು, ಅಚ್ಚುಗಳನ್ನು ತಿನ್ನುತ್ತದೆ. ಸಿಂಪರಣೆಯ ದಿನ ಹಳಿಯ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸತಕ್ಕದ್ದು.

6. ಗೊಬ್ಬರದ ಅಮೋನಿಯಾ. ಕೊಟ್ಟಿಗೆ ಅಥವಾ ಗೊಬ್ಬರದ ಗುಂಡಿಯ ಪಕ್ಕದಲ್ಲಿ ಹಿತ್ತಾಳೆ ಹಳಿ ಹಾಸಬಾರದು. ಇದಕ್ಕೆ ನಮ್ಮ ದೇಶದ್ದೇ ಹಳೆಯ ನಿದರ್ಶನವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ಸೈನ್ಯವು ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಕೂಡಿಟ್ಟ ಹಿತ್ತಾಳೆಯ ಕಾಡತೂಸುಗಳು ತಾವಾಗಿಯೇ ಬಿರಿಯುತ್ತಿದ್ದವು. ಲದ್ದಿ, ಗಂಜಲಗಳಿಂದೇಳುವ ಅಮೋನಿಯಾ ಬಿಗಿತದಲ್ಲಿರುವ ಹಿತ್ತಾಳೆಯನ್ನು ಸೀಳುತ್ತದೆ ಎಂಬುದು 1921ರಲ್ಲಿ ಸ್ಪಷ್ಟವಾಯಿತು. ಹಳಿಗಳನ್ನು ಬಿಗಿದು ಕೂಡಿಸುವ ತೆಳುವಾದ ಜೋಡಣೆಪಟ್ಟಿಗಳಿಗೆ ಇದೇ ಅಪಾಯ. ಯೂರಿಯಾ ಚೀಲವನ್ನೂ ಹತ್ತಿರ ಇಡಬೇಡಿ.

ಮೊದಲು ನೀರಿಗೆ ದಾರಿ

ಮೇಲೆ ಹೇಳಿದ ಆರರಲ್ಲಿ ಹೆಚ್ಚಿನವು ನೀರು ನಿಲ್ಲುವುದರಿಂದ, ಮಣ್ಣು ಸಿಡಿಯುವುದರಿಂದ, ಎಲೆ ಕೊಳೆಯುವುದರಿಂದ ಬರುವಂಥವು. ಇವನ್ನು ಬಾರದಂತೆ ತಡೆದರೆ ತಿಕ್ಕುವ ಕೆಲಸ ಕಾಲುಭಾಗಕ್ಕಿಳಿಯುತ್ತದೆ ಎಂಬುದು ನನ್ನ ಅನುಭವ. ಬಸಿಗಾಲುವೆ ಇಲ್ಲದ ಅಡಿಕೆ ತೋಟಕ್ಕೆ ಎಷ್ಟು ಗೊಬ್ಬರ ಹಾಕಿದರೂ ಬೇರು ಕೊಳೆಯುವಂತೆ, ಬಸಿಯದ ನೆಲದ ಹಳಿಯನ್ನು ಎಷ್ಟು ತಿಕ್ಕಿದರೂ ವ್ಯರ್ಥ.

ದೊಡ್ಡ ರೈಲ್ವೆಯವರು ಮಾಡುವುದೂ ಇದನ್ನೇ. ಹಳಿಯ ಕೆಳಗಿನ ಜಲ್ಲಿ ಭಾರ ಹೊರುವುದಕ್ಕೆ ಮಾತ್ರವಲ್ಲ, ನೀರು ಬಸಿಯುವುದಕ್ಕೂ ಬೇಕು. ಜಲ್ಲಿಯ ಸಂದಿಗೆ ಮಣ್ಣು ತುಂಬಿದರೆ ನೀರು ನಿಂತು ಹಳಿ ಕುಸಿಯುತ್ತದೆ. ಆದ್ದರಿಂದ ಸುಮಾರು ಹತ್ತು ವರ್ಷಕ್ಕೊಮ್ಮೆಯಾದರೂ ಜಲ್ಲಿಯನ್ನು ಬುಡದವರೆಗೆ ತೆಗೆದು, ಜರಡಿ ಹಿಡಿದು, ಮಣ್ಣು ಕಳೆದು ಮತ್ತೆ ತುಂಬುತ್ತಾರೆ. ಹಿಂದೆ ಗ್ಯಾಂಗಿನವರು ಬಿಸಿಲಲ್ಲಿ ಕೈಯಿಂದ ಮಾಡುತ್ತಿದ್ದ ಈ ಕೆಲಸವನ್ನು ಈಗ ಬಹಳ ಕಡೆ ಯಂತ್ರ ಮಾಡುತ್ತದೆ. ಎರೆಮಣ್ಣಿನ ಸೀಮೆಯಲ್ಲಿ ಜಲ್ಲಿಗೂ ಮಣ್ಣಿಗೂ ನಡುವೆ ಗರಸಿನಂಥ ಬೇರೊಂದು ಪದರವನ್ನೂ ಹಾಸುತ್ತಾರೆ. ಮೇಲ್ಮೈಗೆ 30ಕ್ಕೆ 1ರಷ್ಟು ಓರೆ ಕೊಟ್ಟು ನೀರನ್ನು ಪಕ್ಕಕ್ಕೆ ಹರಿಸುತ್ತಾರೆ.

ಬೀಗರು ಹೇಳಿದಂತೆ ನಾನು ಮಾಡಿದ ಕ್ರಮ ಹೀಗಿದೆ:

(ಅ) ದಾರಿಯುದ್ದಕ್ಕೂ ಒಂದಡಿ ಅಗಲ, ಅರ್ಧ ಅಡಿ ಆಳ ಮಣ್ಣು ತೆಗೆದು ಗರಸು ತುಂಬಿ ಗಟ್ಟಿಸಿದೆ. ಎರೆಮಣ್ಣಾದರೆ ಒಂದಡಿ ಆಳ ಬೇಕು.

(ಆ) ಅದರ ಮೇಲೆ ನೆಲಕ್ಕಿಂತ ಮೂರು ಅಂಗುಲ ಎತ್ತರ ಬರುವಂತೆ ಚಪ್ಪಡಿ ಕೂರಿಸಿದೆ. ಕಲಬುರಗಿಯವರಿಗೆ ಶಹಾಬಾದಿನ ಕಲ್ಲು ಮನೆಯ ಬಾಗಿಲಲ್ಲೇ ಸಿಗುತ್ತದೆ. ನಾವು ಹಳೆಯ ಕಾಂಕ್ರೀಟು ಹಲಗೆಗಳನ್ನು ಬಳಸಬಹುದು. ಒಂದಡಿ ಅಗಲಕ್ಕೆ ಅರ್ಧ ಅಂಗುಲಕ್ಕೆ ಸ್ವಲ್ಪ ಕಡಿಮೆ ಓರೆ ಇದ್ದರೆ ಸಾಕು.

(ಇ) ಮೇಲಿನ ಇಳಿಜಾರಿನ ಕಡೆ ಸಣ್ಣ ಬಸಿಗಾಲುವೆ ತೆಗೆದು, ತೋಟದ ಕಾಲುವೆಗೆ ಕೂಡಿಸಿದೆ.

(ಈ) ಹಳಿಯ ಸುತ್ತ 3ರಿಂದ 6 ಮಿಲಿಮೀಟರಿನ ಜಲ್ಲಿಪುಡಿಯನ್ನು ನೀರಿನಲ್ಲಿ ತೊಳೆದು ಹಾಕಿದೆ. ತೊಳೆಯದ ಪುಡಿಯಲ್ಲಿ ಹಿಟ್ಟಿನಂಥ ಧೂಳಿರುತ್ತದೆ. ಮಳೆ ಬಂದಾಗ ಅದೇ ಹಳಿಗೆ ಸಿಡಿಯುತ್ತದೆ.

(ಉ) ಇಕ್ಕೆಲದಲ್ಲೂ ಒಂದೂವರೆ ಅಡಿ ಜಾಗದಲ್ಲಿ ಗರಿಕೆ ಬೆಳೆಸಿ, ಕುಳ್ಳಗೆ ಕತ್ತರಿಸುತ್ತಿದ್ದೇನೆ. ಬರಿಮಣ್ಣು ಕಾಣಬಾರದು.

(ಊ) ಹಳಿಯ ನೇರ ಮೇಲೆ ಅಡಿಕೆಮರದ ಸೋಗೆ, ಬಾಳೆಯ ಎಲೆ ಬಾರದಂತೆ ದಾರಿಯನ್ನು ನಾಲ್ಕಡಿ ಸರಿಸಿದೆ. ಸೋಗೆ ಬಿದ್ದರೆ ಕೊಳೆ ಮಾತ್ರವಲ್ಲ, ಹಳಿಯೇ ಬಗ್ಗುತ್ತದೆ.

ಜೋಡಣೆಗಳ ವಿಚಾರ

ಹಳಿಯ ತಲೆ ಹೊಳೆಯುತ್ತಿದ್ದರೂ ರೈಲು ಒಂದೇ ಜಾಗದಲ್ಲಿ ನಿಧಾನವಾದರೆ ತಪ್ಪು ಜೋಡಣೆಯಲ್ಲಿದೆ ಎಂದು ತಿಳಿಯಬೇಕು. ಜೋಡಣೆಪಟ್ಟಿಯ ಒಳಗೆ ನೀರು, ಮಣ್ಣು ಸೇರಿ ಕಿಲುಬು ಕಟ್ಟುತ್ತದೆ. ಬಿಚ್ಚಿ, ಒಳಗನ್ನು ಸ್ವಚ್ಛಮಾಡಿ, ವಿದ್ಯುತ್ ಹರಿಯುವ ಗ್ರಾಫೈಟ್ ಗ್ರೀಸನ್ನು ತುಸು ಸವರಿ ಬಿಗಿಯಬೇಕು. ಇನ್ನೂ ಖಾತ್ರಿಯಾದ ಉಪಾಯವೆಂದರೆ ಜೋಡಣೆಯ ಎರಡು ಬದಿಗೂ ಒಂದು ತುಂಡು ತಾಮ್ರದ ತಂತಿಯನ್ನು ಬೆಸುಗೆ ಹಾಕುವುದು. ತಂತಿಯನ್ನು ತುಸು ಸಡಿಲವಾಗಿ ಬಿಡಬೇಕು.

ಸಡಿಲ ಏಕೆಂದರೆ ಬಿಸಿಲಿಗೆ ಹಳಿ ಬೆಳೆಯುತ್ತದೆ. 10 ಮೀಟರು ಉದ್ದದ ಹಿತ್ತಾಳೆ 30 ಡಿಗ್ರಿ ಸೆಲ್ಸಿಯಸ್ ಕಾದರೆ ಸುಮಾರು 6 ಮಿಲಿಮೀಟರು ಉದ್ದವಾಗುತ್ತದೆ. ಕಲಬುರಗಿಯಲ್ಲಿ ಬೇಸಿಗೆಯ ಹಗಲು 40 ಡಿಗ್ರಿ ದಾಟುವುದು ಸಾಮಾನ್ಯ. ಬಿಸಿಲಿಗೆ ಬಿದ್ದ ಲೋಹ ಅದಕ್ಕೂ ಹೆಚ್ಚು ಕಾಯುತ್ತದೆ. ಜೋಡಣೆಗಳಲ್ಲಿ ಸಂದು ಬಿಡದಿದ್ದರೆ ಹಳಿ ಬಿಲ್ಲಿನಂತೆ ಬಾಗುತ್ತದೆ. ಚಳಿಯ ಬೆಳಿಗ್ಗೆ ಹಾಸುವವರು ಸಂದು ಹೆಚ್ಚು ಬಿಡಬೇಕು, ಬಿಸಿಲಿನ ಮಧ್ಯಾಹ್ನ ಹಾಸುವವರು ಕಡಿಮೆ.

ತಿಕ್ಕುವ ಕ್ರಮ

ಇಷ್ಟು ಮಾಡಿದ ಮೇಲೂ ಒರೆಸುವ ಕೆಲಸ ಉಳಿಯುತ್ತದೆ. ಅದನ್ನು ಈ ಅನುಕ್ರಮದಲ್ಲಿ ಮಾಡತಕ್ಕದ್ದು.

ಮೊದಲನೆಯದು, ವಿದ್ಯುತ್ ತೆಗೆದು, ಮೆದು ಪೊರಕೆಯಿಂದ ಎಲೆ, ಕಲ್ಲು, ಬಸವನಹುಳು, ಇರುವೆಗೂಡಿನ ಮಣ್ಣನ್ನು ಗುಡಿಸುವುದು.

ಎರಡನೆಯದು, ಅಂಗೈಯಗಲದ ಮರದ ತುಂಡಿಗೆ ಹಳೆಯ ಹತ್ತಿಬಟ್ಟೆ ಸುತ್ತಿ ಒಣದಾಗಿ ಒರೆಸುವುದು. ಬೆನ್ನು ಬಗ್ಗಿಸಲಾಗದವರು ಈ ತುಂಡನ್ನು ದೋಟಿಯ ತುದಿಗೆ ಕಟ್ಟಿಕೊಂಡು ನಿಂತೇ ಒರೆಸಬಹುದು. ಬಹಳ ದಿನ ಈ ಎರಡೇ ಸಾಕಾಗುತ್ತವೆ.

ಮೂರನೆಯದು, ಬಟ್ಟೆ ಕಪ್ಪಾಗಿ ಬಂದರೆ ಅದಕ್ಕೆ ಐಸೋಪ್ರೊಪೈಲ್ ಆಲ್ಕೋಹಾಲ್ ತುಸು ಹಾಕಿ ಒರೆಸುವುದು. ಇದು ಎಣ್ಣೆ ಮಸಿಯನ್ನು ಬಿಡಿಸಿ, ತಾನು ಆರಿಹೋಗುತ್ತದೆ. ಬೆಂಕಿ ಹತ್ತುವ ದ್ರವವಾದ್ದರಿಂದ ಬೀಡಿ, ಒಲೆ ಹತ್ತಿರ ಇರಕೂಡದು. ಪೂರ್ತಿ ಆರಿದ ಮೇಲೆಯೇ ವಿದ್ಯುತ್ ಕೊಡಬೇಕು, ಏಕೆಂದರೆ ಗಾಲಿಯಲ್ಲಿ ಕಿಡಿ ಹಾರುತ್ತದೆ.

ನಾಲ್ಕನೆಯದು, ಕಿಲುಬು ಗಟ್ಟಿಯಾಗಿದ್ದರೆ ಮಾತ್ರ ಪಾತ್ರೆ ತಿಕ್ಕುವ ಹಸಿರು ನೈಲಾನ್ ನಾರಿನಿಂದ ಹಳಿಯ ಉದ್ದಕ್ಕೆ ಹಗುರವಾಗಿ ಉಜ್ಜಿ, ಪುಡಿಯನ್ನು ಒರೆಸಿ ತೆಗೆಯುವುದು. ಒರಟು ಉಪ್ಪುಕಾಗದ ಬೇಡ. ಅದು ಗೀರು ಮಾಡುತ್ತದೆ. ಗೀರಿನಲ್ಲಿ ಕೊಳೆ ಕೂತು ಮುಂದಿನ ಸಲ ಬೇಗ ಕೆಡುತ್ತದೆ. ಉಕ್ಕಿನ ನಾರು ಎಂದಿಗೂ ಬೇಡ. ಕಾರಣವನ್ನು ನನ್ನ ಎಂಜಿನ್ ಹೇಳಿದೆ.

ಐದನೆಯದು, ಗಾಲಿಗಳು. ಹಳಿ ಮಾತ್ರ ಒರೆಸಿ ಗಾಲಿ ಬಿಟ್ಟರೆ ಹತ್ತು ನಿಮಿಷದಲ್ಲಿ ಕೊಳೆ ಮತ್ತೆ ಹಳಿಗೇರುತ್ತದೆ. ಡಬ್ಬಿಗಳ ಗಾಲಿಗಳನ್ನು ಆಲ್ಕೋಹಾಲಿನ ಬಟ್ಟೆಯ ಮೇಲೆ ಕೈಯಿಂದ ಹಿಂದೆ ಮುಂದೆ ಉರುಳಿಸಿ. ಎಂಜಿನ್ನನ್ನು ತಲೆಕೆಳಗು ಹಿಡಿದು ಗಾಲಿಗಳನ್ನು ಹತ್ತಿಬತ್ತಿಯಿಂದ ಒರೆಸಿ.

ಹುಣಸೆಹಣ್ಣಿನಿಂದ ತಿಕ್ಕಬಾರದೇಕೆ ಎಂದು ನಮ್ಮ ಮನೆಯವರು ಕೇಳಿದರು. ಹುಣಸೆಯ ಹುಳಿ ಕಿಲುಬನ್ನು ಕರಗಿಸುವುದು ನಿಜ. ಆದರೆ ಕೊಡವನ್ನು ತೊಳೆಯುವಂತೆ ನೆಲಕ್ಕೆ ಬಿಗಿದ ಹಳಿಯನ್ನು ತೊಳೆಯಲಾಗದು. ಹುಳಿ ಜೋಡಣೆಯೊಳಗೆ ಉಳಿದು ಮತ್ತಷ್ಟು ಕಿಲುಬು ತರುತ್ತದೆ. ಉಪ್ಪು ಬೆರೆಸಿದರಂತೂ ಹೇಳುವುದೇ ಬೇಡ. ಬಿಚ್ಚಿ ತಂದ ಬಿಡಿ ತುಂಡುಗಳಿಗೆ ಹುಣಸೆ ಆಗಬಹುದು, ಚೆನ್ನಾಗಿ ತೊಳೆದು ಒಣಗಿಸುವುದಾದರೆ.

ಮಲೆನಾಡಿನ ಮಳೆಗಾಲ

ಕಲಬುರಗಿಯಲ್ಲಿ ವರ್ಷಕ್ಕೆ ಬೀಳುವುದು ಸುಮಾರು 75–80 ಸೆಂಟಿಮೀಟರು ಮಳೆ. ನಮ್ಮ ಘಟ್ಟದ ಅಂಚಿನಲ್ಲಿ ಒಂದು ಒಳ್ಳೆಯ ತಿಂಗಳಲ್ಲೇ ಅದಕ್ಕಿಂತ ಹೆಚ್ಚು ಬೀಳುತ್ತದೆ. ಆದ್ದರಿಂದ ಬೀಗರ ಕ್ರಮವನ್ನು ಇದ್ದಂತೆ ಇಲ್ಲಿ ನಡೆಸಲಾಗದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರೈಲನ್ನು ನಿಲ್ಲಿಸಿ, ಎಂಜಿನ್ ಮತ್ತು ಟ್ರಾನ್ಸ್‌ಫಾರ್ಮರನ್ನು ಒಣಜಾಗದಲ್ಲಿ ಮುಚ್ಚಳದ ಡಬ್ಬದೊಳಗಿಡುವುದೇ ಜಾಣತನ. ಹಳಿಯನ್ನು ಕೀಳಬೇಕಿಲ್ಲ. ಟ್ರಾನ್ಸ್‌ಫಾರ್ಮರ್ ಎಂದೂ ಹೊರಗಿರಕೂಡದು. ಕಡಿಮೆ ವೋಲ್ಟಿನ ತಂತಿ ಮಾತ್ರ ಅಂಗಳಕ್ಕೆ ಬರಬೇಕು.

ಇಷ್ಟೂ ರಗಳೆ ಬೇಡವೆನ್ನುವವರಿಗೆ ಇನ್ನೊಂದು ದಾರಿಯಿದೆ. ಎಂಜಿನ್ನಿನಲ್ಲೋ ಅದರ ಹಿಂದಿನ ಡಬ್ಬಿಯಲ್ಲೋ ಚಾರ್ಜ್ ಮಾಡುವ ಬ್ಯಾಟರಿ ಇಟ್ಟು, ಕೈಯಲ್ಲಿ ಹಿಡಿಯುವ ರೇಡಿಯೋ ನಿಯಂತ್ರಕದಿಂದ ಓಡಿಸುವುದು. ಆಗ ಹಳಿಯಲ್ಲಿ ವಿದ್ಯುತ್ತೇ ಬೇಡ. ಕಿಲುಬಿದ್ದರೂ ರೈಲು ಓಡುತ್ತದೆ. ಎಲೆ, ಕಲ್ಲು ಗುಡಿಸಿದರೆ ಸಾಕು. ಹೊಸದಾಗಿ ಹಾಸುವ ಮಲೆನಾಡಿನ ಸದಸ್ಯರು ಮೊದಲೇ ಇದನ್ನು ಯೋಚಿಸುವುದು ಒಳ್ಳೆಯದು. ಆದರೆ ನೀರಿಗೆ ದಾರಿ ಮಾಡುವುದರಿಂದ ಮಾತ್ರ ಅವರಿಗೂ ಬಿಡುಗಡೆಯಿಲ್ಲ. ಕುಸಿದ ಹಳಿಯ ಮೇಲೆ ಯಾವ ರೈಲೂ ಓಡದು.

ವರ್ಷದ ಕೆಲಸ

ಮೇ: ಬಸಿಗಾಲುವೆ ಬಿಡಿಸುವುದು, ಜಲ್ಲಿ ಕೆದಕಿ ಮಣ್ಣು ತೆಗೆಯುವುದು, ಎಂಜಿನ್ ಒಳಗಿಡುವುದು.
ಜೂನ್–ಸೆಪ್ಟೆಂಬರ್: ವಾರಕ್ಕೊಮ್ಮೆ ಎಲೆ ತೆಗೆಯುವುದು, ಸಿಂಪರಣೆಯ ದಿನ ಹೊದಿಕೆ ಹಾಕುವುದು.
ಅಕ್ಟೋಬರ್: ಜೋಡಣೆ ಬಿಚ್ಚಿ ಸ್ವಚ್ಛಮಾಡುವುದು, ಹಸಿರು ನಾರಿನಿಂದ ಒಮ್ಮೆ ಉಜ್ಜುವುದು.
ನವೆಂಬರ್–ಏಪ್ರಿಲ್: ಓಡಿಸುವ ಮುನ್ನ ಪ್ರತಿಸಲ ಗುಡಿಸಿ ಒರೆಸುವುದು, ಸಾಧ್ಯವಾದರೆ ದಿನವೂ ಓಡಿಸುವುದು.

ರೈಲ್ವೆಯಲ್ಲಿ ಕೀಮ್ಯಾನ್ ಎಂಬ ನೌಕರನಿರುತ್ತಾನೆ. ಸುತ್ತಿಗೆ ಹೆಗಲಿಗಿಟ್ಟು ತನ್ನ ಪಾಲಿನ ಹಳಿಯನ್ನು ದಿನವೂ ನಡೆದು ನೋಡುವುದು ಅವನ ಕೆಲಸ. ಬೀಗರು ಇಂದಿಗೂ ಕಮಲಾಪುರದ ಹೊಲದಲ್ಲಿ ಚಹಾ ಕುಡಿದೊಡನೆ ತಮ್ಮ ಪುಟ್ಟ ದಾರಿಯನ್ನು ಒಂದು ಸುತ್ತು ನಡೆಯುತ್ತಾರೆ. ಬಿದ್ದ ಎಲೆ ಎತ್ತುತ್ತಾರೆ, ನಿಂತ ನೀರಿಗೆ ಕಡ್ಡಿಯಲ್ಲಿ ದಾರಿ ಬಿಡಿಸುತ್ತಾರೆ. ಎಂಜಿನ್ ರಿಪೇರಿಯಾಗಿ ಬಂದ ಮೇಲೆ ನಾನೂ ಅದನ್ನು ರೂಢಿಸಿಕೊಂಡಿದ್ದೇನೆ. ಕಳೆದ ನವೆಂಬರಿನಲ್ಲಿ ರೈಲು ಒಮ್ಮೆಯೂ ನಿಲ್ಲದೆ ಪೂರ್ತಿ ಸುತ್ತು ಬಂದಿತು. ಈಗ ಮೊಮ್ಮಗ ಬಂದಾಗಲೆಲ್ಲ ದೋಟಿಯ ಬಟ್ಟೆಯನ್ನು ಅವನೇ ಹಿಡಿಯುತ್ತಾನೆ. ನನಗೆ ತಿಕ್ಕಲು ಬಿಡುವುದಿಲ್ಲ.

ಈ ಹವ್ಯಾಸವುಳ್ಳ ಸದಸ್ಯರು ತಮ್ಮ ಅನುಭವವನ್ನು ಬರೆದು ಕಳುಹಿಸಿದರೆ ಉಳಿದವರಿಗೂ ಅನುಕೂಲವಾಗುತ್ತದೆ.